ರತ್ನಖಚಿತದ ‘ಖಚಿತ’, ಖಚಿತ ಮಾಹಿತಿಯ ‘ಖಚಿತ’: ಎರಡೂ ಒಂದೇನಾ?

ಪ್ರಶ್ನೆ: ದಸರಾ ಹೊತ್ತಿಗೆ ಪೇಪರಿನಲ್ಲಿ ‘ಅರಮನೆಯಲ್ಲಿ ರತ್ನ ಖಚಿತ ಸಿಂಹಾಸನ ಜೋಡಣೆ’ ಅಂತ ಸುದ್ದಿ ಬಂದಿತ್ತು. ಏಳನೇ ಕ್ಲಾಸಿನ ಮಗಳು ಅದನ್ನು ಓದಿ, ‘ಅಮ್ಮಾ, ಸಿಂಹಾಸನದಲ್ಲಿ ರತ್ನ ಇರೋದು ಖಚಿತ ಅಂತಾನಾ?’ ಎಂದು ಕೇಳಿದಳು. ಅಲ್ಲಮ್ಮ, ರತ್ನ ಕೂರಿಸಿರೋದು ಅಂತ ಅರ್ಥ ಎಂದೆ. ‘ಹಾಗಾದ್ರೆ ಖಚಿತ ಮಾಹಿತಿ ಅಂದ್ರೆ?’ ಅಂದಳು. ಏನು ಹೇಳಬೇಕೋ ತಿಳಿಯಲಿಲ್ಲ. ಇವೆರಡೂ ಒಂದೇ ಪದವೋ, ಕೇಳುವುದಕ್ಕೆ ಮಾತ್ರ ಒಂದೇ ಥರ ಇರುವ ಬೇರೆ ಬೇರೆ ಪದಗಳೋ? ಖಚಿತ, ಖಂಡಿತ, ಖಾತರಿ ಮೂರೂ ಒಂದೇ ಮೂಲದವಾ? ಇನ್ನೊಂದು: ಶಾಲೆಯ ಗೋಡೆ ಪತ್ರಿಕೆಗೆ ಅವಳು ‘ಹರಳುಖಚಿತ ಓಲೆ’ ಎಂದು ಬರೆದಿದ್ದಾಳೆ. ಅದು ಸರೀನಾ?
(ಮಂಡ್ಯದ ಓದುಗರೊಬ್ಬರು)

ಉತ್ತರ: ಎರಡೂ ಒಂದೇ ಪದ. ಸಿಂಹಾಸನದ ಅರ್ಥ ಹಳೆಯದು, ಮಾಹಿತಿಯ ಅರ್ಥ ಆಮೇಲೆ ಬಂದದ್ದು. ನಾವು ದಿನಾ ಬಳಸುವುದು ಆಮೇಲಿನ ಅರ್ಥವನ್ನೇ ಆದ್ದರಿಂದ ಹಳೆಯದು ಎದುರಿಗೆ ಬಂದಾಗ ವಿಚಿತ್ರ ಅನಿಸುತ್ತದೆ. ನಿಮ್ಮ ಮಗಳು ತಡವರಿಸಿದ್ದು ಸರಿಯಾದ ಜಾಗದಲ್ಲೇ. ದೊಡ್ಡವರು ಇಂಥ ಕಡೆ ನಿಲ್ಲುವುದಿಲ್ಲ, ಓದಿಕೊಂಡು ಮುಂದೆ ಹೋಗಿಬಿಡುತ್ತೇವೆ.

ಸಂಸ್ಕೃತದಲ್ಲಿ ‘ಖಚ್’ ಎಂಬ ಧಾತು ಇದೆ. ಕಟ್ಟು, ಬಿಗಿ, ಕೂರಿಸು ಎಂಬ ಅರ್ಥಗಳು ಅದಕ್ಕೆ. ರಚ್ ಎಂಬುದರಿಂದ ರಚಿತ, ಲಿಖ್ ಎಂಬುದರಿಂದ ಲಿಖಿತ ಆದ ಹಾಗೆಯೇ ಖಚ್‌ನಿಂದ ಖಚಿತ ಆಯಿತು. ಅಂದರೆ ‘ಕೂರಿಸಿದ್ದು’, ‘ಬಿಗಿದದ್ದು’. ಅಲ್ಲಿ ಈ ಪದ ಒಂಟಿಯಾಗಿ ಓಡಾಡುವುದು ಕಡಿಮೆ. ಯಾವುದನ್ನು ಕೂರಿಸಿದೆ ಎಂಬುದನ್ನು ಮುಂದೆ ಇಟ್ಟುಕೊಂಡೇ ಬರುತ್ತದೆ: ಮಣಿಖಚಿತ, ರತ್ನಖಚಿತ, ವಜ್ರಖಚಿತ. ‘ನಿಶ್ಚಯವಾದ’ ಎಂಬ ಅರ್ಥ ಸಂಸ್ಕೃತದ ಖಚಿತಕ್ಕೆ ಇಲ್ಲ. ಅದು ನಮ್ಮ ಕಡೆಯ ಭಾಷೆಗಳಲ್ಲಿ ಬೆಳೆದದ್ದು.

ಹಳೆಯ ಅರ್ಥವನ್ನು ಕಣ್ಣಾರೆ ನೋಡಬೇಕೆಂದರೆ ನೀವು ದೂರ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣದ ಗುಂಬಜ್‌ಗೆ ಮಗಳನ್ನು ಕರೆದುಕೊಂಡು ಹೋಗಿ. ಟಿಪ್ಪುವಿನ ಸಮಾಧಿ ಇರುವ ಆ ಕಟ್ಟಡಕ್ಕೆ ಬೀಟೆ ಮರದ ಬಾಗಿಲುಗಳಿವೆ, ಅವುಗಳಲ್ಲಿ ಆನೆ ದಂತ ಕೂರಿಸಿದೆ. ಲಾರ್ಡ್ ಡಾಲ್‌ಹೌಸಿ ಕೊಟ್ಟ ಬಾಗಿಲುಗಳು ಅವು. ಮೈಸೂರು ಅರಮನೆಯ ಅಂಬಾವಿಲಾಸದಲ್ಲೂ ಗಣೇಶನ ಗುಡಿಗೆ ತೆರೆಯುವ ಇಂಥದ್ದೇ ಒಂದು ಬೀಟೆ ಬಾಗಿಲಿದೆ. ಅಲ್ಲಿ ಬಾಗಿಲು ನೋಡಿ ಮುಗಿದ ಮೇಲೆ ಕೆಳಗೂ ನೋಡಿ. ನೆಲದಲ್ಲಿ ಅಮೃತಶಿಲೆಗೆ ಬಣ್ಣದ ಕಲ್ಲು ಕೂರಿಸಿ ಹೂಬಳ್ಳಿ ಮಾಡಿದ್ದಾರೆ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಗಿ, 1912ರ ಹೊತ್ತಿಗೆ ಮುಗಿದ ಹೊಸ ಅರಮನೆ ಇದು. ದಂತಖಚಿತ ಬಾಗಿಲು, ಶಿಲಾಖಚಿತ ನೆಲ, ಪಕ್ಕದಲ್ಲಿ ದಸರೆಗೆ ಜೋಡಿಸುವ ರತ್ನಖಚಿತ ಸಿಂಹಾಸನ. ಒಂದು ಪದದ ಅರ್ಥ ತೋರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಅರಮನೆಯಲ್ಲಿ ಸಿಗುವುದು ಮುಗಿದ ಕೆಲಸ. ಕೆಲಸ ನಡೆಯುವುದನ್ನು ನೋಡಿದರೆ ಪದ ಇನ್ನೂ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ. ಮೈಸೂರಿನ ಮಂಡಿ ಮೊಹಲ್ಲಾ ಕಡೆ ಬೀಟೆ ಮರದ ಇನ್‌ಲೇ ಕೆಲಸ ಮಾಡುವವರಿದ್ದಾರೆ. ಮೊದಲು ಕಾಗದದ ಮೇಲೆ ಚಿತ್ರ ಬರೆಯುತ್ತಾರೆ. ಆನೆ, ಅಂಬಾರಿ, ಮರ, ಹಳ್ಳಿಯ ದಾರಿ, ಹೀಗೆ. ಅದರ ಒಂದೊಂದು ಭಾಗಕ್ಕೂ ಒಂದೊಂದು ಬಣ್ಣದ ಮರ ಆರಿಸುತ್ತಾರೆ. ಹಳದಿ ಬೇಕಿದ್ದರೆ ಹಲಸು. ಬಣ್ಣ ಬಳಿಯುವುದಿಲ್ಲ, ಮರದ್ದೇ ಬಣ್ಣ. ಸಣ್ಣ ಗರಗಸದಲ್ಲಿ ಆ ತುಂಡುಗಳನ್ನು ಕೊಯ್ಯುತ್ತಾರೆ. ಆಮೇಲೆ ಬೀಟೆ ಹಲಗೆಯ ಮೇಲೆ ಅದೇ ಆಕಾರ ಗುರುತು ಮಾಡಿ, ತುಂಡು ಎಷ್ಟು ದಪ್ಪವೋ ಹೆಚ್ಚುಕಮ್ಮಿ ಅಷ್ಟೇ ಆಳಕ್ಕೆ ಉಳಿಯಿಂದ ತೋಡುತ್ತಾರೆ. ಅಂಟು ಹಾಕಿ ತುಂಡನ್ನು ಅದರೊಳಗೆ ಒತ್ತುತ್ತಾರೆ. ಒಣಗಿದ ಮೇಲೆ ಉಜ್ಜಿ, ಉಜ್ಜಿ, ಪಾಲಿಶ್ ಕೊಡುತ್ತಾರೆ. ಚೆನ್ನಾಗಿ ಮುಗಿದ ಹಲಗೆಯ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿದರೆ ಎಲ್ಲಿ ಬೀಟೆ ಮುಗಿಯಿತು, ಎಲ್ಲಿ ಹಲಸು ಶುರುವಾಯಿತು ಅಂತ ಗೊತ್ತಾಗಬಾರದು. ಹಿಂದೆ ಬಿಳಿ ಬಣ್ಣಕ್ಕೆ ದಂತ ಕೂರಿಸುತ್ತಿದ್ದರು. ಕಾನೂನು ದಂತದ ವ್ಯಾಪಾರ ನಿಲ್ಲಿಸಿದ ಮೇಲೆ ಬಿಳಿ ಪ್ಲಾಸ್ಟಿಕ್ ಬಂತು. ಅದು ಒಳ್ಳೆಯದೇ ಆಯಿತು. ಕಲೆ ಉಳಿಯಿತು, ಆನೆಯೂ ಉಳಿಯಲಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಒಂದು ವಸ್ತುವನ್ನು ಇನ್ನೊಂದಕ್ಕೆ ಸೇರಿಸುವುದಕ್ಕೆ ಕನ್ನಡದಲ್ಲಿ ಬೇಕಾದಷ್ಟು ಮಾತುಗಳಿವೆ, ಆದರೆ ಎಲ್ಲವೂ ಒಂದೇ ಕೆಲಸ ಹೇಳುವುದಿಲ್ಲ. ಮೇಲೆ ಹಚ್ಚಿದರೆ ‘ಮೆತ್ತು’. ಒಳಗೆ ಹೋಗಿ ಕಾಣದಂತಾದರೆ ‘ಹುದುಗು’, ‘ಅಡಗು’. ಬೂದಿಯೊಳಗೆ ಹುದುಗಿದ ಕೆಂಡ ಅನ್ನುತ್ತೇವಲ್ಲ, ಆ ಕೆಂಡ ಕಾಣುವುದಿಲ್ಲ. ಅರ್ಥಗರ್ಭಿತ ಮಾತಿನಲ್ಲೂ ಅರ್ಥ ಒಳಗಿದೆ, ಹೊರಗೆ ಕಾಣುವುದಿಲ್ಲ. ‘ಕೂರಿಸು’ ಹಾಗಲ್ಲ. ಹರಳು ಉಂಗುರದೊಳಗೆ ಕೂತಿರುತ್ತದೆ, ಅದರ ಮುಖ ಹೊರಗೆ ಕಾಣುತ್ತಿರುತ್ತದೆ. ಖಚಿತಕ್ಕೆ ಸರಿಯಾದ ಕನ್ನಡ ಇದೇ. ಒಳಗಿರಬೇಕು, ಕಾಣಬೇಕು, ಅಲುಗಬಾರದು. ಮೂರೂ ಸೇರಿದರೆ ಖಚಿತ.

ಈ ಮೂರನೆಯದನ್ನು ಹಿಡಿದುಕೊಂಡೇ ಪದ ಮುಂದೆ ನಡೆಯಿತು. ಅಲುಗದಂತೆ ಕೂತದ್ದು ಖಚಿತ. ಹಾಗಾದರೆ ಅಲುಗದ ಮಾತು, ಅಲುಗದ ದಿನಾಂಕ, ಅಲುಗದ ಲೆಕ್ಕ? ಅವೂ ಖಚಿತ. ಕನ್ನಡಕ್ಕೆ ಈ ದಾರಿ ಹೊಸದೇನಲ್ಲ. ‘ಸಂಬಂಧ ಗಟ್ಟಿಯಾಯ್ತಾ?’ ಎಂದು ಕೇಳುತ್ತೇವೆ. ಗಟ್ಟಿ ಎಂಬುದು ಕೈಗೆ ಸಿಗುವ ವಸ್ತುವಿನ ಗುಣ, ಅದನ್ನೇ ಮಾತುಕತೆಗೂ ಹಾಕಿದೆವು. ‘ಮದುವೆ ದಿನ ಗೊತ್ತು ಮಾಡಿದರು’ ಅನ್ನುತ್ತೇವೆ. ‘ಗೊತ್ತುಗುರಿ ಇಲ್ಲದೆ ಅಲೆಯುತ್ತಾನೆ’ ಎಂದಾಗ ಗೊತ್ತು ಎಂದರೆ ನಿಲ್ಲುವ ಜಾಗ. ‘ನನಗೆ ಗೊತ್ತು’ ಎಂದಾಗ ಅದು ತಿಳಿವಳಿಕೆ. ಜಾಗದಲ್ಲಿ ನಿಂತದ್ದೇ ತಿಳಿದದ್ದು ಅಂತಾಯಿತು. ಇದನ್ನು ನೋಡಿದಾಗೆಲ್ಲ ನನಗೆ ಖುಷಿಯಾಗುತ್ತದೆ. ನಮ್ಮ ಹಳ್ಳಿಯ ಜನ ಯಾವ ಪುಸ್ತಕವನ್ನೂ ನೋಡದೆ, ಕಣ್ಣಿಗೆ ಕಾಣುವುದರಿಂದ ಮನಸ್ಸಿನ ವಿಷಯಕ್ಕೆ ಸೇತುವೆ ಕಟ್ಟಿಕೊಂಡುಬಿಟ್ಟಿದ್ದಾರೆ.

ಸಂಸ್ಕೃತದಿಂದ ಬಂದ ಪದ ಕನ್ನಡದಲ್ಲಿ ಹೀಗೆ ಅರ್ಥ ಬದಲಿಸುವುದು ಅಪರೂಪವೂ ಅಲ್ಲ. ‘ನಿಜ’ವನ್ನೇ ನೋಡಿ. ಸಂಸ್ಕೃತದಲ್ಲಿ ಅದಕ್ಕೆ ‘ತನ್ನದು’ ಎಂದು ಅರ್ಥ. ಹಿಂದಿಯ ‘ನಿಜೀ’ ಎಂದರೆ ಖಾಸಗಿ. ಕನ್ನಡದಲ್ಲಿ ನಿಜ ಎಂದರೆ ಸತ್ಯ. ಮಂಡ್ಯದ ಕಡೆ ಹಳಬರು ಈಗಲೂ ‘ದಿಟ ಕಣಪ್ಪ’ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ಗಮನವಿಟ್ಟು ಕೇಳಿ, ಮಗಳಿಗೂ ಕೇಳಿಸಿ.

ಅಕ್ಕಪಕ್ಕದ ಭಾಷೆಗಳಲ್ಲಿ ಈ ಪದ ಏನಾಗಿದೆ ನೋಡಿದರೆ ಕಥೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಹಿಂದಿಯಲ್ಲಿ ‘ಖಚಿತ್’ ಬರೆಯುವ ಭಾಷೆಯ ಪದ, ಅರ್ಥ ಹರಳು ಕೂರಿಸಿದ ಎಂದಷ್ಟೇ. ಮರಾಠಿಗೆ ಬಂದರೆ ‘ಖಚಿತ’ ಎಂದರೆ ನಿಶ್ಚಯವಾಗಿ. ತೆಲುಗಿನಲ್ಲಿ ಒತ್ತು ಸೇರಿ ‘ಖಚ್ಚಿತಂ’ ಆಗಿದೆ, ಅರ್ಥ ನಮ್ಮದೇ. ತಮಿಳಿನ ‘ಕಚ್ಚಿದಂ’ ನನಗೆ ಎಲ್ಲಕ್ಕಿಂತ ಇಷ್ಟ. ಅಳತೆಗೆ ಸರಿಯಾಗಿ, ಅಚ್ಚುಕಟ್ಟಾಗಿ ಕೂತದ್ದಕ್ಕೆ ಅವರು ಅದನ್ನು ಬಳಸುತ್ತಾರೆ. ಹೊಲಿಸಿದ ಅಂಗಿ ಮೈಗೆ ಸರಿಯಾಗಿ ಕೂತರೆ ‘ಕಚ್ಚಿದಮಾ ಇರುಕ್ಕು’. ಇತ್ತ ಹರಳಿನ ಕೆಲಸ, ಅತ್ತ ನಿಶ್ಚಯ. ನಡುವೆ ಇರಬೇಕಾದ ಮೆಟ್ಟಿಲು ತಮಿಳಿನಲ್ಲಿ ಹಾಗೇ ಉಳಿದಿದೆ.

ಈಗ ಖಂಡಿತಕ್ಕೆ ಬರೋಣ. ಇದು ಬೇರೆಯೇ ಪದ. ಬೇರೆ ಮಾತ್ರ ಅಲ್ಲ, ಮೂಲದಲ್ಲಿ ಖಚಿತಕ್ಕೆ ತದ್ವಿರುದ್ಧ. ‘ಖಂಡ್’ ಎಂದರೆ ಕತ್ತರಿಸು, ತುಂಡು ಮಾಡು. ಖಂಡಿತ ಎಂದರೆ ತುಂಡಾದದ್ದು. ಖಂಡ ಎಂದರೆ ತುಂಡು, ತುಂಡಾಗದ್ದು ಅಖಂಡ. ಬೇರೆಯವರ ಮಾತನ್ನು ಕಡಿದುಹಾಕುವುದು ಖಂಡನೆ. ಹಿಂದಿಯವರು ‘ಖಂಡಿತ್ ಮೂರ್ತಿ’ ಎಂದರೆ ಒಡೆದ ವಿಗ್ರಹ. ಮರಾಠಿ ಪತ್ರಿಕೆಯಲ್ಲಿ ‘ವೀಜಪುರವಠಾ ಖಂಡಿತ’ ಎಂಬ ತಲೆಬರಹ ಕಂಡರೆ ಕರೆಂಟು ಗ್ಯಾರಂಟಿ ಎಂದುಕೊಳ್ಳಬೇಡಿ. ಕರೆಂಟು ಹೋಗಿದೆ ಎಂದು ಅರ್ಥ.

ಅಂದರೆ ಒಂದು ಪದ ಒಳಗೆ ಕೂರಿಸುವ ಕೆಲಸದಿಂದ ಹುಟ್ಟಿದ್ದು, ಇನ್ನೊಂದು ಕತ್ತರಿಸುವ ಕೆಲಸದಿಂದ. ಎರಡೂ ನಡೆದು ನಡೆದು ಕನ್ನಡದಲ್ಲಿ ‘ಅನುಮಾನವೇ ಇಲ್ಲ’ ಎಂಬಲ್ಲಿಗೆ ಬಂದು ಸೇರಿವೆ! ಕತ್ತರಿಸಿದ್ದು ಹೇಗೆ ನಿಶ್ಚಯವಾಯಿತು ಎಂದು ಕೇಳಿದರೆ ಕನ್ನಡದ್ದೇ ಮಾತು ಉತ್ತರ ಕೊಡುತ್ತದೆ. ‘ಕಡ್ಡಿ ಮುರಿದಂತೆ ಹೇಳಿದ’ ಅನ್ನುತ್ತೇವೆ ಅಲ್ವಾ? ಮುರಿದ ಕಡ್ಡಿಯನ್ನು ಮತ್ತೆ ಕೂಡಿಸುವುದಕ್ಕೆ ಆಗುವುದಿಲ್ಲ. ಮಾತು ಅಲ್ಲಿಗೆ ಮುಗಿಯಿತು. ಬೇರೆ ದಾರಿಗಳೆಲ್ಲ ಕಡಿದುಹೋದವು. ಸಾಲದ್ದಕ್ಕೆ ‘ಖಡಾಖಂಡಿತ’ ಎಂದು ಇನ್ನೂ ಬಿಗಿ ಮಾಡಿಕೊಂಡಿದ್ದೇವೆ. ‘ಖಂಡಿತವಾದಿ ಲೋಕವಿರೋಧಿ’ ಎಂಬ ಗಾದೆಯಲ್ಲಿ ಆ ಕತ್ತರಿಯ ಹರಿತ ಇನ್ನೂ ಉಳಿದಿದೆ. ಅಲ್ಲಿ ಖಂಡಿತವಾದಿ ಎಂದರೆ ಮುಲಾಜಿಲ್ಲದೆ, ತುಂಡು ಮಾಡಿದಂತೆ ಮಾತಾಡುವವನು.

ಇಷ್ಟು ಹೇಳಿದ ಮೇಲೆ ನನಗೆ ಮುಖ್ಯ ಅನಿಸುವ ವಿಷಯ ಹೇಳುತ್ತೇನೆ. ಈ ಎರಡು ಪದಗಳಿಗೆ ನಿಘಂಟು ತೆರೆದರೆ ಹೆಚ್ಚುಕಮ್ಮಿ ಒಂದೇ ಅರ್ಥ ಸಿಗುತ್ತದೆ. ಬಾಯಿಗೆ ಬಂದಾಗ ಒಂದರ ಜಾಗಕ್ಕೆ ಇನ್ನೊಂದು ಹೋಗುವುದಿಲ್ಲ. ‘ಭಾನುವಾರ ಮದುವೆಗೆ ಬರ್ತೀರಾ?’ ಎಂದು ಕೇಳಿದರೆ ‘ಖಂಡಿತ ಬರ್ತೀನಿ’ ಅನ್ನುತ್ತೀರಿ. ‘ಖಚಿತ ಬರ್ತೀನಿ’ ಎಂದು ಮಂಡ್ಯದಲ್ಲೂ ಯಾರೂ ಅನ್ನುವುದಿಲ್ಲ, ಮೈಸೂರಿನಲ್ಲೂ ಅನ್ನುವುದಿಲ್ಲ. ‘ಬಸ್ ಎಷ್ಟು ಗಂಟೆಗೆ ಅಂತ ಖಚಿತ ಮಾಡ್ಕೊಂಡು ಹೇಳಿ’ ಅನ್ನುತ್ತೀರಿ, ಅಲ್ಲಿ ಖಂಡಿತ ಬರುವುದಿಲ್ಲ. ಚುನಾವಣೆಯ ದಿನಾಂಕ ಖಚಿತವಾಗುತ್ತದೆ, ಖಂಡಿತವಾಗುವುದಿಲ್ಲ. ಸುದ್ದಿಯನ್ನು ಖಚಿತಪಡಿಸುತ್ತಾರೆ.

ಯಾಕೆ ಹೀಗೆ? ನನ್ನ ಪ್ರಕಾರ ಹಳೆಯ ಅರ್ಥಗಳು ಒಳಗೊಳಗೇ ಕೆಲಸ ಮಾಡುತ್ತಿವೆ. ಮಾತು ಕೊಡುವಾಗ ನಾವು ಕತ್ತರಿಸುತ್ತೇವೆ. ಬರಬಹುದು, ಬರದೇ ಇರಬಹುದು, ನೋಡೋಣ ಎಂಬುದನ್ನೆಲ್ಲ ಕಡಿದುಹಾಕಿ ಒಂದನ್ನೇ ಉಳಿಸಿಕೊಳ್ಳುತ್ತೇವೆ. ಅದಕ್ಕೇ ಖಂಡಿತ. ಅದು ಹೇಳುವವನ ಮನಸ್ಸಿನ ವಿಷಯ. ಮಾಹಿತಿ ಹಾಗಲ್ಲ. ಹೇಳುವವನು ಎಷ್ಟು ಗಟ್ಟಿಯಾಗಿ ಹೇಳಿದರೂ ಅದು ಖಚಿತ ಆಗುವುದಿಲ್ಲ. ಬೇರೆ ಸಂಗತಿಗಳ ನಡುವೆ ಅದಕ್ಕೊಂದು ಜಾಗ ಇರಬೇಕು, ಆ ಜಾಗದಲ್ಲಿ ಸಂದಿಲ್ಲದ ಹಾಗೆ ಕೂರಬೇಕು. ಬಸ್ಸಿನ ಸಮಯವನ್ನು ಸ್ಟ್ಯಾಂಡಿನಲ್ಲಿ ವಿಚಾರಿಸಿ, ಬೋರ್ಡು ನೋಡಿ, ಎರಡೂ ತಾಳೆಯಾದರೆ ಖಚಿತ. ತಾಳೆಯಾಗುವುದು ಅಂದರೆ ಒಂದರೊಳಗೆ ಒಂದು ಸರಿಯಾಗಿ ಕೂರುವುದೇ ತಾನೆ? ಅದಕ್ಕೇ ‘ನಾನು ಖಂಡಿತ ಹೇಳ್ತೀನಿ, ಅದು ನಿಜ’ ಎನ್ನುವವರ ಮಾತನ್ನು ಕೇಳಿಯೂ ನಾವು ‘ಇನ್ನೊಂದ್ಸಲ ಖಚಿತ ಮಾಡ್ಕೊಳ್ಳಿ’ ಅನ್ನಬಹುದು. ಅದು ವಿರೋಧ ಅಲ್ಲ. ಎರಡು ಬೇರೆ ಬೇರೆ ನಿಶ್ಚಯಗಳು.

ತಮಿಳಿನಲ್ಲೂ ಹೆಚ್ಚುಕಮ್ಮಿ ಇದೇ ಹಂಚಿಕೆ ಇದೆ. ಬರುತ್ತೇನೆ ಎಂದು ಮಾತು ಕೊಡುವಾಗ ಅವರು ‘ಕಂಡಿಪ್ಪಾ ವರುವೇನ್’ ಅನ್ನುತ್ತಾರೆ. ಆ ಕಂಡಿಪ್ಪು ಕೂಡ ಖಂಡದ ಕಡೆಯದೇ. ಅಳತೆಗೆ ಕೂರುವುದಕ್ಕೆ ಮಾತ್ರ ಕಚ್ಚಿದಂ. ತೆಲುಗಿನವರು ಹಾಗಲ್ಲ, ಮಾತು ಕೊಡುವುದಕ್ಕೂ ‘ಖಚ್ಚಿತಂಗಾ ವಸ್ತಾನು’ ಎಂದುಬಿಡುತ್ತಾರೆ. ಆದ್ದರಿಂದ ಈ ಹಂಚಿಕೆ ಸಂಸ್ಕೃತದಿಂದ ಕಟ್ಟಿಕೊಂಡು ಬಂದದ್ದಲ್ಲ. ಒಂದೊಂದು ಭಾಷೆಯೂ ತನ್ನ ಜನರ ಬಾಯಲ್ಲಿ ಮಾಡಿಕೊಂಡದ್ದು. ಈಗೀಗ ಎರಡರ ಜಾಗಕ್ಕೂ ‘ಗ್ಯಾರಂಟಿ’, ‘ಕನ್ಫರ್ಮ್’ ಬಂದು ಕೂತಿವೆ. ಬರಲಿ, ಮಾತಿಗೆ ಬೇಲಿ ಹಾಕುವವನು ನಾನಲ್ಲ. ಆದರೆ ಮಕ್ಕಳು ಖಚಿತ, ಖಂಡಿತಗಳ ನಡುವಿನ ಈ ಸಣ್ಣ ವ್ಯತ್ಯಾಸವನ್ನು ಬಿಟ್ಟುಕೊಡಬಾರದು ಎಂದು ನನಗೆ ತುಂಬಾ ಆಸೆ.

ಖಾತರಿಯದು ಚಿಕ್ಕ ಕಥೆ. ಅದಕ್ಕೂ ಈ ಎರಡಕ್ಕೂ ಸಂಬಂಧ ಇಲ್ಲ, ಮೂರೂ ‘ಖ’ದಿಂದ ಶುರುವಾಗುತ್ತವೆ ಅಷ್ಟೇ. ಅರಬ್ಬಿಯ ‘ಖಾತಿರ್’, ಅಂದರೆ ಮನಸ್ಸು, ಪಾರಸಿಯ ಮೂಲಕ ಇತ್ತ ಬಂತು. ಹಿಂದಿಯಲ್ಲಿ ಅದು ‘ಸಲುವಾಗಿ’ ಎಂದಾಯಿತು, ಮರಾಠಿ ಮತ್ತು ಕನ್ನಡದಲ್ಲಿ ಮನಸ್ಸಿಗೆ ಬರುವ ಭರವಸೆ ಎಂದಾಯಿತು. ಸರ್ಕಾರದ ‘ಉದ್ಯೋಗ ಖಾತರಿ’ ಎಂಬ ಮಾತಿನಿಂದ ಹಳ್ಳಿ ಹಳ್ಳಿಗೂ ಗೊತ್ತಾದ ಪದ ಇದು. ಇನ್ನೊಬ್ಬರಿಗೆ ಕೊಡುವ ಭರವಸೆಗೆ ಖಾತರಿ ಚೆನ್ನಾಗಿ ಒಪ್ಪುತ್ತದೆ.

ಒಂದು ಬರವಣಿಗೆಯ ವಿಷಯ. ನಿಮ್ಮ ಮಗಳಿಗೆ ಗೊಂದಲವಾಗಲು ಅರ್ಧ ಕಾರಣ ಪತ್ರಿಕೆಯವರು ಬಿಟ್ಟ ಖಾಲಿ ಜಾಗ. ರತ್ನಖಚಿತ ಒಂದೇ ಪದ, ಸಮಾಸ. ಅದನ್ನು ‘ರತ್ನ ಖಚಿತ’ ಎಂದು ಬಿಡಿಸಿ ಬರೆದರೆ, ‘ಮಳೆ ಖಚಿತ’, ‘ಗೆಲುವು ಖಚಿತ’ ಎಂಬ ತಲೆಬರಹಗಳ ಸಾಲಿಗೇ ಅದೂ ಸೇರಿಬಿಡುತ್ತದೆ. ಮಗು ಓದಿದ್ದೂ ಹಾಗೆಯೇ. ಹಿಂದಿನ ಪದಕ್ಕೆ ಅಂಟಿಕೊಂಡು ಬಂದರೆ ‘ಕೂರಿಸಿದ’, ಒಂಟಿಯಾಗಿ ಬಂದರೆ ‘ನಿಶ್ಚಯವಾದ’. ಇದಿಷ್ಟು ಹೇಳಿಕೊಟ್ಟರೆ ಅವಳಿಗೆ ಮತ್ತೆ ತೊಂದರೆ ಆಗುವುದಿಲ್ಲ. ‘ಖ’ ಮಹಾಪ್ರಾಣ ಎಂಬುದನ್ನೂ ಹೇಳಿ. ಮಾತಿನಲ್ಲಿ ‘ಕಚಿತ’ ಎಂದರೆ ಏನೂ ಮೋಸವಿಲ್ಲ, ಕನ್ನಡದ ನಾಲಿಗೆಗೆ ಅದೇ ಸಲೀಸು. ಬರೆಯುವಾಗ ಮಾತ್ರ ಖಚಿತ, ಚಕಾರಕ್ಕೆ ಒತ್ತು ಇಲ್ಲ.

‘ಹರಳುಖಚಿತ’ ಬೇಡ. ಹರಳು ಕನ್ನಡ, ಖಚಿತ ಸಂಸ್ಕೃತ. ಇಂಥ ಜೋಡಣೆಗೆ ನಮ್ಮ ವ್ಯಾಕರಣದಲ್ಲಿ ಅರಿಸಮಾಸ ಎಂಬ ಹೆಸರಿದೆ. ಬಳಕೆಯಲ್ಲಿ ರೂಢಿಯಾದ ಅರಿಸಮಾಸಗಳನ್ನು ಯಾರೂ ಬೇಡ ಅನ್ನುವುದಿಲ್ಲ, ಆದರೆ ಇದು ರೂಢಿಯಲ್ಲಿ ಇಲ್ಲ, ಕಿವಿಗೂ ಒರಟು. ಅದಕ್ಕಿಂತ ಮುಖ್ಯವಾಗಿ, ಅದರ ಅಗತ್ಯವೇ ಇಲ್ಲ. ನಿಮ್ಮ ಊರಿನ ಚಿನ್ನಬೆಳ್ಳಿ ಅಂಗಡಿಯಲ್ಲಿ ಯಾರೂ ‘ರತ್ನಖಚಿತ ಕರ್ಣಾಭರಣ ಕೊಡಿ’ ಅನ್ನುವುದಿಲ್ಲ. ‘ಕಲ್ಲಿನ ಓಲೆ ತೋರ್ಸಿ’ ಅನ್ನುತ್ತಾರೆ. ಹರಳು ಬಿದ್ದುಹೋಗಿದ್ದರೆ ‘ಹರಳು ಕೂರಿಸಿಕೊಡಿ’ ಅನ್ನುತ್ತಾರೆ. ಗೋಡೆ ಪತ್ರಿಕೆಗೂ ಅದೇ ಸಾಕು. ಸಿಂಹಾಸನಕ್ಕೆ ‘ರತ್ನಖಚಿತ’ ಇರಲಿ, ಆ ಗತ್ತು ಅದಕ್ಕೆ ಒಪ್ಪುತ್ತದೆ. ಓಲೆಗೆ ‘ಕಲ್ಲಿನ ಓಲೆ’ ಅಥವಾ ‘ಹರಳು ಕೂರಿಸಿದ ಓಲೆ’ ಎಂದು ಬರೆಯಲಿ.